ಹೆಬ್ಬೆಟ್ಟಿಗೆ ಬೆಲೆಯುಂಟು, ಮಾತಿಗೆ ಬೆಲೆಯಿಲ್ಲವೇ?

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಮನೆಮನೆಯ ಮಾತು. ಮನೆಯ ಹಿರಿಯರು ಒಂದು ಸಂಗತಿಯನ್ನು ಎರಡು ಸಲ ಹೇಳಿದರೆ ಸಾಕು, ಈ ಗಾದೆಯನ್ನು ಅವರ ಮುಂದೆ ಎಸೆದು ನಾವು ನಮ್ಮ ಕೆಲಸಕ್ಕೆ ಹೊರಟುಬಿಡುತ್ತೇವೆ. ಗಾದೆ ಹೇಳಿದವನಿಗೆ ಮುಂದೆ ಕೇಳುವ ಹೊಣೆ ತಪ್ಪಿತು. ಹೇಳಿಸಿಕೊಂಡವರಿಗೆ ಮುಂದೆ ಮಾತಾಡುವ ಹಕ್ಕು ತಪ್ಪಿತು. ಕವಿ ಬೇಂದ್ರೆಯವರು ಅರವತ್ತು ದಾಟಿದ ವಯಸ್ಸಿನಲ್ಲಿ ತಮ್ಮ ಕವನ ಸಂಗ್ರಹಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅರಳುವುದೆಂದರೆ ಹೂ ಬಿಡುವುದು, ಮರಳುವುದೆಂದರೆ ಹಿಂದಿರುಗುವುದು. ಬುದ್ಧಿಭ್ರಮಣೆಗೆಂದು ನಾವು ಬಳಸುವ ಮಾತಿನೊಳಗೇ ಇಂಥ ಇನ್ನೊಂದು ಅರ್ಥ ಕುಳಿತಿದೆ.

ಮರೆವಿನ ಕಾಯಿಲೆ ಹಿಡಿದ ದುಡಿಮೆಗಾರನೊಬ್ಬ ತನ್ನ ಬಾಳಿನ ಕಥೆಯನ್ನು ತಾನೇ ಹೇಳಬಲ್ಲನೇ? ಹೇಳಿದರೆ ಅದಕ್ಕೆ ಬೆಲೆಯುಂಟೇ? ಹೇಳಬಲ್ಲ, ಬೆಲೆಯೂ ಉಂಟು, ಅದನ್ನು ಕೇಳಿಸಿಕೊಳ್ಳುವುದು ಸಮಾಜವು ಅವನಿಗೆ ತೀರಿಸಬೇಕಾದ ಸಾಲ ಎಂಬುದು ನನ್ನ ವಾದ. ವೈದ್ಯರ ವಿಷಯಕ್ಕೆ ರಾಜಕೀಯದವರು ಏತಕ್ಕೆ ಕೈಹಾಕಬೇಕು ಎಂದು ಕೆಲವರು ಕೇಳಬಹುದು. ಈ ಲೇಖನವನ್ನು ಕೊನೆಯ ತನಕ ಓದಿದರೆ ಅವರಿಗೆ ಉತ್ತರ ದೊರೆಯುತ್ತದೆ.

ಕಾಯಿಲೆ ಯಾವುದು?

ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಎಂಬ ಬಗೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಮೆದುಳಿನ ರಕ್ತನಾಳ ಕೆಟ್ಟು ಬರುವುದು ಇನ್ನೊಂದು ಬಗೆ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಈ ಕಾಯಿಲೆಯಿದೆ. ಒಟ್ಟು ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು. ಇದು ಸ್ಥಿತಿವಂತರ ಕಾಯಿಲೆ ಎಂದು ತಿಳಿದವರು ಈ ಮಾತನ್ನು ಗಮನಿಸಬೇಕು.

ಮರೆವೆಲ್ಲವೂ ಈ ಕಾಯಿಲೆಯಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ ಇವುಗಳಿಂದಲೂ ನೆನಪು ಕೆಡುತ್ತದೆ, ಮತ್ತು ಇವುಗಳಿಗೆ ಮದ್ದು ಉಂಟು. ಆದ್ದರಿಂದ ಗಾದೆ ಹೇಳಿ ಕೂರುವ ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ಆಲ್ಝೈಮರ್ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧ ಮಾತ್ರ ಇಂದಿಗೂ ಬಂದಿಲ್ಲ. ಮದ್ದು ಇಲ್ಲದ ಕಡೆ ಮನುಷ್ಯರ ನಡತೆಯೇ ಮುಖ್ಯವಾಗುತ್ತದೆ.

ಕಿರ್ದಿ ನಿಂತರೂ ಖಾತೆ ಉಳಿದಿದೆ

ಈ ಕಾಯಿಲೆಯವರು ಕಥೆ ಹೇಳುವ ರೀತಿಗೆ ಒಂದು ಕ್ರಮವಿದೆ. ಅಂಗಡಿ ನಡೆಸುವ ಮಿತ್ರರಿಗೆ ಅವರ ಲೆಕ್ಕದ ಮಾತಿನಲ್ಲೇ ಹೇಳುತ್ತೇನೆ. ದಿನದಿನದ ವ್ಯವಹಾರ ಬರೆಯುವುದು ಕಿರ್ದಿ. ಅದರಿಂದ ತೆಗೆದು ಏರಿಸುವುದು ಖಾತೆ. ಮೆದುಳಿನಲ್ಲಿ ಹೊಸ ಸಂಗತಿಗಳನ್ನು ಕಿರ್ದಿಗೆ ಬರೆಯುವ ಒಂದು ಸಣ್ಣ ಭಾಗವಿದೆ. ಆಲ್ಝೈಮರ್ ಕಾಯಿಲೆ ಮೊದಲು ಹೊಡೆಯುವ ಭಾಗಗಳಲ್ಲಿ ಅದೂ ಒಂದು. ಬೆಳಗಿನ ಊಟದ ಬಾಬ್ತು ಬರೆದೇ ಇಲ್ಲ. ಹಾಗಾಗಿ ಹನ್ನೊಂದು ಗಂಟೆಗೆ ‘ನನಗೆ ಇನ್ನೂ ಊಟ ಹಾಕಿಲ್ಲ’ ಎನ್ನುತ್ತಾರೆ. ಸೊಸೆಯ ಮೇಲೆ ಹೊರಿಸಿದ ಸುಳ್ಳು ದೂರು ಅದಲ್ಲ. ಅವರ ಪುಸ್ತಕದಲ್ಲಿ ಆ ಪುಟ ಖಾಲಿಯಿದೆ. ಐವತ್ತು ವರ್ಷದ ಹಿಂದಿನ ಹಳೆಯ ಖಾತೆಗಳು ಮಾತ್ರ ಬೀರುವಿನಲ್ಲಿ ಬಹುಕಾಲ ಉಳಿಯುತ್ತವೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಹೋಗುತ್ತದೆ ಎಂಬ ಈ ನಿಯಮವನ್ನು ಫ್ರಾನ್ಸ್ ದೇಶದ ರಿಬೋ ಎಂಬ ವಿದ್ವಾಂಸ 1881ರಲ್ಲೇ ಬರೆದಿಟ್ಟಿದ್ದಾನೆ.

ಹಳೆಯದರಲ್ಲಿಯೂ ಹತ್ತರಿಂದ ಮೂವತ್ತರ ವಯಸ್ಸಿನ ನೆನಪು ಎಲ್ಲರಿಗೂ ಗಟ್ಟಿ. ಮೊದಲ ಕೂಲಿ, ಮೊದಲ ಮುಷ್ಕರ, ಮದುವೆ, ಮೊದಲ ಕೂಸು ಎಲ್ಲವೂ ಆ ಕಾಲದ್ದೇ. ಎಂಬತ್ತರ ಮುದುಕ ನಸುಕಿನಲ್ಲೆದ್ದು ‘ಪಾಳಿಗೆ ಹೊತ್ತಾಯಿತು, ಊಟದ ಡಬ್ಬಿ ಕೊಡು’ ಎಂದರೆ ಅದು ತಲೆಕೆಟ್ಟ ಮಾತಲ್ಲ. ಅವನ ಬಾಳಿನ ಅತ್ಯಂತ ಹೊಣೆಯ ಕಾಲ ಅದಾಗಿತ್ತು. ಅಲ್ಲಿಗೆ ಅವನು ಮರಳಿದ್ದಾನೆ.

ನಮ್ಮ ಸರ್ಜಾಪುರ ಇಂದು ಸಾಫ್ಟ್‌ವೇರ್ ಕಂಪನಿಗಳ ರಸ್ತೆಯ ಹೆಸರಾಗಿ ಪ್ರಸಿದ್ಧ. ಆದರೆ ಇದು ಹಿಂದೆ ನಯವಾದ ಮಸ್ಲಿನ್ ಬಟ್ಟೆಗೆ ಹೆಸರಾಗಿದ್ದ ಊರೆಂದು ಬ್ರಿಟಿಷರ ಕಾಲದ ಗೆಜೆಟಿಯರು ಹೇಳುತ್ತದೆ. ಇಲ್ಲಿ ನನಗೆ ಪರಿಚಯವಿರುವ ಒಬ್ಬ ವೃದ್ಧರು ಕೈಮಗ್ಗದಲ್ಲಿ ಬೆಳೆದವರು. ಮಗನ ಹೆಸರು ಒಮ್ಮೊಮ್ಮೆ ಅವರ ನಾಲಗೆಗೆ ಬರುವುದಿಲ್ಲ. ‘ತಾತ, ಈವತ್ತು ಯಾವ ವಾರ?’ ಎಂದು ಕೇಳಿದರೆ ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ‘ತಾತ, ಎಳೆ ಹರಿದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ. ಇಲ್ಲದ ನೂಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ತೋರಿಸುತ್ತಾರೆ. ಲಾಳಿ ಹೋಗಿಬರುವ ತಾಳಕ್ಕೆ ಕಾಲು ಅಲುಗುತ್ತದೆ. ಆಮೇಲೆ ಮಾತು ಬರುತ್ತದೆ: ನೂಲು ಕೊಡುತ್ತಿದ್ದ ಸಾಹುಕಾರ, ಅವನ ತಕ್ಕಡಿಯ ಮೋಸ, ಸೀರೆ ಮುಗಿಸಿದ ರಾತ್ರಿ. ಕೈಯ ಕಸುಬಿನ ನೆನಪು ಮೆದುಳಿನಲ್ಲಿ ಬೇರೆಡೆ ಇರುವುದರಿಂದ ಅದು ಬೇಗ ಅಳಿಯುವುದಿಲ್ಲ. ಬಾಯಿ ಸೋತ ಕಡೆ ಕೈ ಕಥೆ ಹೇಳುತ್ತದೆ. ದುಡಿದು ಬಾಳಿದವನ ಆತ್ಮಕಥೆ ಅರ್ಧಕ್ಕರ್ಧ ಅವನ ಕೈಯಲ್ಲೇ ಇರುವುದಲ್ಲವೇ?

ಸುಳ್ಳು ಹೇಳುತ್ತಾರೆಯೇ?

ಇವರು ಇಲ್ಲದ್ದನ್ನು ಸೇರಿಸಿ ಹೇಳುತ್ತಾರೆ ಎಂಬುದು ಮನೆಯವರ ಮುಖ್ಯ ಆಕ್ಷೇಪಣೆ. ನಿಜ, ಸೇರಿಸುತ್ತಾರೆ. ನೆನಪಿನ ನಡುವೆ ತೂತು ಬಿದ್ದಾಗ ಮನಸ್ಸು ಅಲ್ಲಿಗೊಂದು ತೇಪೆ ಹಾಕುತ್ತದೆ. ಮೋಸ ಮಾಡುವ ಉದ್ದೇಶ ಅದರಲ್ಲಿ ಇರುವುದಿಲ್ಲ. ಮೂವತ್ತು ವರ್ಷ ಹಾಜರಿ ತಪ್ಪಿಸದ ಕೆಲಸಗಾರ ‘ನಿನ್ನೆಯೂ ಫ್ಯಾಕ್ಟರಿಗೆ ಹೋಗಿದ್ದೆ’ ಎನ್ನುತ್ತಾನೆ. ದಿನಾಂಕ ತಪ್ಪು. ಆದರೆ ‘ನಾನು ಕೆಲಸ ತಪ್ಪಿಸಿದವನಲ್ಲ’ ಎಂಬ ಸಾರಾಂಶ ಸರಿಯಾಗಿದೆ. ಕಥೆಯ ತಾರೀಖುಗಳನ್ನು ತಿದ್ದಲು ಹೊರಟವರು ಆ ಸಾರಾಂಶವನ್ನು ಕಳೆದುಕೊಳ್ಳುತ್ತಾರೆ.

ಹೇಳಿದ್ದನ್ನೇ ಹೇಳುವುದಕ್ಕೂ ಕಾರಣವುಂಟು. ಹಿಂದೆ ಹೇಳಿದ್ದು ಅವರಿಗೆ ನೆನಪಿಲ್ಲ ಎಂಬುದು ಒಂದು. ಆದರೆ ಸಾವಿರ ಸಂಗತಿಗಳಲ್ಲಿ ಇದೊಂದನ್ನೇ ಏತಕ್ಕೆ ಆರಿಸುತ್ತಾರೆ? ಬಾಳಿನ ಲೆಕ್ಕ ಅಲ್ಲಿ ಎಲ್ಲೋ ತಾಳೆಯಾಗದೆ ಉಳಿದಿರಬಹುದು. 1963ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ ಮುದುಕರ ಹಳೆಯ ಮಾತುಗಳ ಬಗ್ಗೆ ಹೀಗೆಯೇ ವಾದಿಸಿದರು: ಅವು ಬುದ್ಧಿ ಕುಸಿದುದರ ಗುರುತಲ್ಲ, ಸಾವು ಹತ್ತಿರವಾದಾಗ ಮನುಷ್ಯ ತನ್ನ ಬಾಳನ್ನು ತಾನೇ ಪರಿಶೀಲಿಸುವ ಸಹಜ ಕಾರ್ಯ ಎಂದು. ಮೂರು ಸಲ ಬಂದ ಕಥೆಗೆ ನಾಲ್ಕನೆಯ ಸಲ ಒಂದು ಹೊಸ ಪ್ರಶ್ನೆ ಹಾಕಿ ನೋಡಿ. ಅದುವರೆಗೆ ಬಾರದ ಒಂದು ಸಂಗತಿ ಹೊರಬಂದರೂ ಬಂದೀತು.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಸರ್ಜಾಪುರ, ಅತ್ತಿಬೆಲೆ, ಆನೇಕಲ್ಲು ಗಡಿಸೀಮೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಹೊಸೂರಿಗೆ ಹೋದರೆ ತಮಿಳು, ನೆರೆಯವರೊಡನೆ ಉರ್ದು ಮಾತಾಡುವವರು ಇಲ್ಲಿ ಅಪರೂಪವಲ್ಲ. ಹೈದರಾಬಾದಿನಲ್ಲಿ 648 ಮಂದಿ ರೋಗಿಗಳನ್ನು ಪರೀಕ್ಷಿಸಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಈ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ಲಾಭ ಕಂಡಿತು. ಶಾಲೆಯ ಮುಖ ಕಾಣದ ಕೂಲಿಯವನಿಗೆ ಸಂತೆಯೇ ವಿದ್ಯಾಲಯವಾಯಿತು ಎಂದಾಯಿತು. ಆದರೆ ಕಾಯಿಲೆ ಬೆಳೆದಂತೆ ಅನೇಕರು ತಾಯಿಭಾಷೆಗೆ ಮರಳುತ್ತಾರೆ. ಆಗ ಮೊಮ್ಮಕ್ಕಳಿಗೆ ಆ ಭಾಷೆ ಬಾರದಿದ್ದರೆ ಅಜ್ಜಿಯ ಕಥೆ ‘ಬಡಬಡಿಕೆ’ ಆಗಿಬಿಡುತ್ತದೆ. ಅಲ್ಲಿ ದೋಷ ಅಜ್ಜಿಯ ನಾಲಗೆಯದೋ, ನಮ್ಮ ಕಿವಿಯದೋ?

ಯಾರ ಕಥೆಗೆ ದಾಖಲೆಯುಂಟು?

ಈ ಕಾಯಿಲೆಗೆ ಹೆಸರು ಕೊಟ್ಟ ವೈದ್ಯ ಆಲ್ಝೈಮರ್. ಅವರು 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಪರೀಕ್ಷಿಸಿದ 51 ವಯಸ್ಸಿನ ಹೆಣ್ಣುಮಗಳು ಔಗುಸ್ತೆ ಡೇಟರ್, ಒಬ್ಬ ರೈಲ್ವೆ ಗುಮಾಸ್ತನ ಹೆಂಡತಿ. ವೈದ್ಯರು ಕೇಳಿದ ಪ್ರಶ್ನೆಗಳನ್ನೂ ಆಕೆ ಕೊಟ್ಟ ಉತ್ತರಗಳನ್ನೂ ಹಾಗೆ ಹಾಗೆಯೇ ಬರೆದಿಟ್ಟರು. ಗಂಡನ ಹೆಸರೇನೆಂದು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದಳು. ತಾನು ತನ್ನನ್ನೇ ಕಳೆದುಕೊಂಡೆನೆಂದು ಹೇಳಿಕೊಂಡಳು. ಕಾಯಿಲೆಯ ಒಳಗಿನಿಂದ ಬಂದ ಆ ಮಾತಿನಷ್ಟು ಸ್ಪಷ್ಟವಾದ ವಿವರಣೆಯನ್ನು ಯಾವ ಪಂಡಿತ ಕೊಟ್ಟಾನು? ಆ ಕಡತ ದಶಕಗಳ ಕಾಲ ಕಣ್ಮರೆಯಾಗಿದ್ದು 1995ರಲ್ಲಿ ದೊರೆಯಿತು. ಕಾಯಿಲೆಗೆ ವೈದ್ಯನ ಹೆಸರು ನಿಂತಿತು, ಮಾತು ಆಕೆಯದು.

ನಮ್ಮ ಸಮಾಜವಾದಿ ಚಳವಳಿಯಲ್ಲೇ ಇದಕ್ಕೊಂದು ನಿದರ್ಶನವುಂಟು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಬಂದು, ಅದನ್ನು ಬಿಟ್ಟು ಮುಂಬಯಿಯ ಬೀದಿಯ ಕಾರ್ಮಿಕರ ನಡುವೆ ನಿಂತವರು. 1974ರ ಮೇ ತಿಂಗಳಲ್ಲಿ ಇಪ್ಪತ್ತು ದಿನ ನಡೆದ ರೈಲ್ವೆ ಮುಷ್ಕರದ ನಾಯಕರು. ತುರ್ತು ಪರಿಸ್ಥಿತಿಯಲ್ಲಿ ಜೈಲಿನಲ್ಲಿದ್ದುಕೊಂಡೇ 1977ರಲ್ಲಿ ಮುಜಫರಪುರದಿಂದ ಗೆದ್ದವರು. ಹತ್ತು ಭಾಷೆಗಳ ಆ ಮಾತುಗಾರನನ್ನು ಕೊನೆಯ ವರ್ಷಗಳಲ್ಲಿ ಆಲ್ಝೈಮರ್ ಕಾಯಿಲೆ ಹಿಡಿಯಿತು. ಅವರನ್ನು ಯಾರು ನೋಡಿಕೊಳ್ಳಬೇಕು, ಯಾರು ಕಾಣಬಹುದು ಎಂಬ ವಿವಾದ ನ್ಯಾಯಾಲಯದ ತನಕ ಹೋಯಿತು. 2019ರ ಜನವರಿ 29ರಂದು ಅವರು ತೀರಿಕೊಂಡರು. ಅವರ ರಾಜಕೀಯವನ್ನು ಒಪ್ಪುವವರೂ ಉಂಟು, ಕೊನೆಕೊನೆಯ ಮೈತ್ರಿಗಳನ್ನು ಖಂಡಿಸುವವರೂ ಉಂಟು. ನಾನು ಇಲ್ಲಿ ಹೇಳುವುದು ಇಷ್ಟೆ: ಅವರು ಮರೆತರೂ ನಾಡು ಮರೆಯಲಿಲ್ಲ. ಭಾಷಣಗಳಿದ್ದವು, ಪುಸ್ತಕಗಳಿದ್ದವು, ಬೇಡಿ ತೊಟ್ಟ ಕೈ ಎತ್ತಿದ ಆ ಭಾವಚಿತ್ರವಿತ್ತು.

ಅದೇ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ಗ್ಯಾಂಗ್‌ಮನ್‌ನ ಭಾವಚಿತ್ರ ಎಲ್ಲಿದೆ? 1980-81ರಲ್ಲಿ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು. ಅಂದು ಮೂವತ್ತರ ಹರೆಯದವರು ಇಂದು ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಈ ಕಾಯಿಲೆ ಬರುವ ವಯಸ್ಸು ಅದೇ. ಆ 77 ದಿನ ಮನೆಯಲ್ಲಿ ಒಲೆ ಹೇಗೆ ಉರಿಯಿತು, ಯಾವ ಅಂಗಡಿಯವರು ಸಾಲದ ಪುಸ್ತಕ ಮುಚ್ಚದೆ ಅಕ್ಕಿ ಕೊಟ್ಟರು, ಯಾವ ಹೆಂಡತಿ ತಾಳಿ ಅಡವಿಟ್ಟಳು, ಇದೆಲ್ಲ ಯಾವ ಸರಕಾರದ ಕಡತದಲ್ಲಿದೆ? ಬಿನ್ನಿ ಗಿರಣಿ ಇದ್ದ ನೆಲದ ಮೇಲೆ ಇಂದು ಬಹುಮಹಡಿಯ ಮನೆಗಳು ಎದ್ದಿವೆ. ಎಚ್‌ಎಂಟಿ ಗಡಿಯಾರದ ಕಾರ್ಖಾನೆಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಗೇಟು ಹೋಯಿತು, ಸೈರನ್ ಹೋಯಿತು, ಹಾಜರಿ ಪುಸ್ತಕ ರದ್ದಿಗೆ ಹೋಯಿತು. ಉಳಿದಿರುವ ದಾಖಲೆ ಆ ಕೆಲಸಗಾರನ ತಲೆಯೊಂದೇ, ಅದೂ ದಿನದಿನಕ್ಕೆ ಅಳಿಯುತ್ತಿದೆ.

ಸರಕಾರ ಅವನಿಂದ ಏನು ಕೇಳುತ್ತದೆ? ಭವಿಷ್ಯನಿಧಿಯ ಪಿಂಚಣಿ ಪಡೆಯುವವನು ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪ್ರಮಾಣಪತ್ರ ಒಪ್ಪಿಸಬೇಕು. ಬದುಕಿದ್ದೀಯಾ ಎಂದು ವರ್ಷಕ್ಕೊಮ್ಮೆ ಕೇಳುವ ಸರಕಾರ ಹೇಗೆ ಬದುಕಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಹೆಬ್ಬೆಟ್ಟಿನ ವ್ಯಾಪಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ಸರ್ಜಾಪುರ ಸೀಮೆಯಲ್ಲಿ ಭೂಮಿಗೆ ಚಿನ್ನದ ಬೆಲೆ. 2025ರಲ್ಲಿ ಸರಕಾರ ಇಲ್ಲಿಗೆ ಸ್ವಿಫ್ಟ್ ಸಿಟಿ ಎಂಬ ಇನ್ನೊಂದು ಉದ್ಯಮ ನಗರವನ್ನು ಘೋಷಿಸಿತು. ಹೊಲ ಲೇಔಟಾಯಿತು, ಗುಂಡುತೋಪಿಗೆ ಕಾಂಪೌಂಡು ಬಂತು, ಕೆರೆಯ ದಾರಿಗೆ ಗೇಟು ಬಿತ್ತು. ಎಂಬತ್ತು ವರ್ಷ ನಡೆದ ದಾರಿಯಲ್ಲಿ ಮುದುಕ ಹೊರಟು ಗೋಡೆಗೆ ಮುಟ್ಟಿ ನಿಂತರೆ ‘ದಾರಿ ತಪ್ಪಿದ’ ಎನ್ನುತ್ತೇವೆ. ತಪ್ಪಿದ್ದು ಅವನೋ, ದಾರಿಯೋ?

ಇಂಥ ಕಡೆ ಮರೆವಿನ ಕಾಯಿಲೆಯವರ ವಿಷಯದಲ್ಲಿ ನಡೆಯುವ ಅನ್ಯಾಯವನ್ನು ನೋಡಿ. ‘ಈ ಹೊಲಕ್ಕೆ ಬಾವಿ ತೋಡಿದವನು ನಾನು’ ಎಂದು ಅಪ್ಪ ಹೇಳಿದರೆ ‘ಅವನಿಗೆ ಬುದ್ಧಿ ಸ್ಥಿಮಿತವಿಲ್ಲ, ಬಿಡಿ’ ಎನ್ನುತ್ತಾರೆ. ಅದೇ ಅಪ್ಪನನ್ನು ಮರುವಾರ ಕಾರಿನಲ್ಲಿ ಕೂರಿಸಿ ನೋಂದಣಿ ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸುತ್ತಾರೆ. ಕಥೆ ಹೇಳಲು ಇಲ್ಲದ ಬುದ್ಧಿ ಕ್ರಯಪತ್ರಕ್ಕೆ ಎಲ್ಲಿಂದ ಬಂತು? 1872ರ ಕರಾರು ಕಾಯಿದೆಯ 12ನೆಯ ಪ್ರಕರಣದ ಪ್ರಕಾರ, ಕರಾರು ಮಾಡುವ ಹೊತ್ತಿನಲ್ಲಿ ಅದರ ಅರ್ಥ ತಿಳಿದು ತನ್ನ ಹಿತಾಹಿತ ತೂಗುವ ಶಕ್ತಿ ಆ ವ್ಯಕ್ತಿಗೆ ಇರಬೇಕು. ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯಿದೆಯ 23ನೆಯ ಪ್ರಕರಣವೂ ಉಂಟು: ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನು ನ್ಯಾಯಮಂಡಳಿ ರದ್ದು ಮಾಡಬಹುದು. ಕಾಯಿದೆ ಕಾಗದದಲ್ಲಿದೆ. ಅದನ್ನು ನಡೆಸಲು ಸಾಕ್ಷಿ ಬೇಕು. ಮುದುಕನ ಮಾತನ್ನು ದಿನವೂ ಕೇಳಿ ಬಲ್ಲ ನೆರೆಯವನಿದ್ದರೆ ಸಾಕ್ಷಿ ಉಂಟು. ಎಲ್ಲರೂ ಗಾದೆ ಹೇಳಿ ಎದ್ದುಹೋದ ಮನೆಯಲ್ಲಿ ಸಾಕ್ಷಿ ಇಲ್ಲ. ಕಥೆ ಕೇಳುವುದು ಮನರಂಜನೆಗಲ್ಲ ಎಂದು ನಾನು ಹೇಳುವುದು ಇದಕ್ಕೇ.

ಕೇಳಲು ಹೊತ್ತು ಎಲ್ಲಿದೆ?

ಈ ಪ್ರಶ್ನೆ ನ್ಯಾಯವಾದದ್ದು. ಮಗ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ, ಸೊಸೆ ಗಾರ್ಮೆಂಟಿನಲ್ಲಿ, ಬಸ್ಸಿನಲ್ಲೇ ಮೂರು ತಾಸು. 2023ರಲ್ಲಿ ಕರ್ನಾಟಕದ ಶಾಸನಸಭೆ ದಿನಕ್ಕೆ 12 ತಾಸಿನ ತನಕ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಹನ್ನೆರಡು ತಾಸು ದುಡಿದು ಬಂದವನ ಮುಂದೆ ಅಪ್ಪ ಹತ್ತನೆಯ ಸಲ ಅದೇ ಕಥೆ ತೆಗೆದರೆ ಅವನು ರೇಗುತ್ತಾನೆ. ರೇಗಿ ಆಮೇಲೆ ತಾನೇ ನೊಂದುಕೊಳ್ಳುತ್ತಾನೆ. ಹೆಚ್ಚಿನ ಮನೆಗಳಲ್ಲಿ ಸಂಬಳವಿಲ್ಲದ ದಾದಿಯಾಗಿ ಇಡೀ ಭಾರ ಹೊರುವವಳು ಸೊಸೆ ಅಥವಾ ಮಗಳು. ಅವರನ್ನು ದೂರುವುದು ಅನ್ಯಾಯ. ಎಂಟು ತಾಸಿನ ದುಡಿಮೆಗಾಗಿ ನಮ್ಮ ಹಿರಿಯರು ಹೋರಾಡಿದ್ದು ಉಳಿದ ಹೊತ್ತಿನಲ್ಲಿ ಮನುಷ್ಯರಾಗಿ ಬಾಳುವುದಕ್ಕೆ. ಆ ಎಂಟು ತಾಸನ್ನು ಕಸಿದುಕೊಂಡವರೇ ಅಪ್ಪನ ಕಥೆಯನ್ನೂ ಕಸಿದುಕೊಂಡರು.

ಹಾಗಿದ್ದರೂ ಇಂದೇ ಮಾಡಬಹುದಾದ ಕೆಲಸಗಳಿವೆ.

ಒಂದು, ಮನೆಯಲ್ಲಿ ಪರೀಕ್ಷೆ ನಡೆಸುವುದನ್ನು ನಿಲ್ಲಿಸಬೇಕು. ‘ನಾನು ಯಾರು ಹೇಳು?’ ಎಂದು ಬಂದವರೆಲ್ಲ ಕೇಳುವುದು ಕ್ರೂರತನ. ‘ನಾನು ನಿಮ್ಮ ಮೊಮ್ಮಗ ತಾತ’ ಎಂದು ನಾವೇ ಹೇಳಿ ಕೂರಬೇಕು. ಮೊದಲ ಕೂಲಿ ಎಷ್ಟು, ಹುಸ್ಕೂರು ಮದ್ದೂರಮ್ಮನ ತೇರು ನಿಮ್ಮ ಕಾಲದಲ್ಲಿ ಹೇಗೆ ಬರುತ್ತಿತ್ತು ಎಂದು ಕೇಳಬೇಕು. ಕೈಗೆ ಲಾಳಿಯನ್ನೋ, ಪಾನಾವನ್ನೋ, ಮೊರವನ್ನೋ ಕೊಡಬೇಕು. ಹೇಳಿದ ಮಾತನ್ನು ಅವರು ಮರೆಯಬಹುದು, ಗೌರವದಿಂದ ಕೇಳಿಸಿಕೊಂಡ ಸಮಾಧಾನ ಉಳಿಯುತ್ತದೆ. ನಡೆದದ್ದು ಮರೆತ ಮೇಲೂ ಅದರಿಂದಾದ ಸುಖದುಃಖ ಆಲ್ಝೈಮರ್ ರೋಗಿಗಳಲ್ಲಿ ಉಳಿಯುವುದನ್ನು ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದ್ದಾರೆ.

ಎರಡು, ಒಂದು ನೋಟುಪುಸ್ತಕ ಇಟ್ಟು ಅವರ ಮಾತನ್ನು ಅವರ ಮಾತಿನಲ್ಲೇ ಬರೆಯಬೇಕು. ಕಾಯಿಲೆಯ ಮೊದಲ ದಿನಗಳಲ್ಲೇ ಶುರುಮಾಡಿದರೆ ಒಳ್ಳೆಯದು. ಮುಂದೆ ಮಾತು ಪೂರ್ತಿ ನಿಂತಾಗ ಅದನ್ನೇ ಅವರಿಗೆ ಓದಿ ಹೇಳಬಹುದು. ಹೈಸ್ಕೂಲಿನ ಮಕ್ಕಳಿಗೆ ‘ನನ್ನ ಪ್ರಿಯ ನಾಯಕ’ ಎಂಬ ಪ್ರಬಂಧದ ಬದಲು ಇದನ್ನು ಬರೆಸಿರೆಂದು ಉಪಾಧ್ಯಾಯ ಮಿತ್ರರಲ್ಲಿ ನನ್ನ ಕೋರಿಕೆ.

ಮೂರು, ಅಂಗಡಿಯವರ ಪಾತ್ರ ದೊಡ್ಡದು. ಬೆಳಗ್ಗೆ ಕೊಂಡ ಬೇಳೆಯನ್ನೇ ಮಧ್ಯಾಹ್ನ ಕೊಳ್ಳಲು ಬಂದವರನ್ನು ಮೊದಲು ಗುರುತಿಸುವವರು ನೀವು. ಅದನ್ನು ಲಾಭವೆಂದು ಎಣಿಸದೆ ಮನೆಯವರಿಗೆ ತಿಳಿಸಿರಿ. 2016ರಲ್ಲಿ ಬಂದ, ಅನಂತನಾಗ್ ನಟಿಸಿದ ಒಂದು ಚಲನಚಿತ್ರಕ್ಕೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂದು ಹೆಸರು. ಕಳೆದುಹೋದವರ ಪ್ರಕಟಣೆಯಲ್ಲಿ ಪೊಲೀಸರು ಬಳಸುವ ಮಾತುಗಳವು. ಬಣ್ಣ ಮೈಕಟ್ಟುಗಳಿಂದ ಸಾವಿರ ಜನರಲ್ಲಿ ಒಬ್ಬನನ್ನು ಹುಡುಕುವುದು ಹೇಗೆ? ‘ಇವರು ಮಗ್ಗದ ಮಾತಾಡುತ್ತಾರೆ, ಹಳೆಯ ಸಂತೆಮಾಳವನ್ನು ಕೇಳುತ್ತಾರೆ’ ಎಂದು ಬಲ್ಲ ಅಂಗಡಿಯವನು ಬೇಗ ಹುಡುಕಿಯಾನು. ಜೇಬಿನಲ್ಲಿ ವಿಳಾಸದ ಚೀಟಿಯಂತೂ ಇರಲೇಬೇಕು. ಹಿರಿಯರ ಸಹಾಯವಾಣಿ 14567.

ನಾಲ್ಕು, ಸಂಘಗಳು ನಿವೃತ್ತ ಸದಸ್ಯರನ್ನು ಪಟ್ಟಿಯಿಂದ ಹೊಡೆದುಹಾಕುವುದನ್ನು ಬಿಡಬೇಕು. ಕನಿಷ್ಠ ಐದು ವರ್ಷ ಇಎಸ್‌ಐ ವಿಮೆಯಲ್ಲಿದ್ದು ನಿವೃತ್ತನಾದ ಕೆಲಸಗಾರ ವರ್ಷಕ್ಕೆ 120 ರೂಪಾಯಿ ಕಟ್ಟಿ ತನಗೂ ತನ್ನ ಬಾಳಸಂಗಾತಿಗೂ ಚಿಕಿತ್ಸೆ ಪಡೆಯುವ ಅವಕಾಶವಿದೆ. ಇದನ್ನು ಮನೆಮನೆಗೆ ತಿಳಿಸುವುದು ಸಂಘದ ಕೆಲಸ.

ಐದು, ಸರಕಾರದಿಂದ ನಾವು ಕೇಳಬೇಕಾದದ್ದು. ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ಕುರಿತು ದೀರ್ಘ ಅಧ್ಯಯನ ಕೈಗೊಂಡಿದ್ದಾರೆ. ಇಷ್ಟು ವಿದ್ಯೆ ಹತ್ತಿರವಿರುವಾಗ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನೆನಪಿನ ಕಾಯಿಲೆಗೆ ನಿಗದಿಯಾದ ದಿನ ಏತಕ್ಕೆ ಇರಬಾರದು? ಆರೈಕೆಗೆ ನಿಂತವಳಿಗೆ ಭತ್ಯೆ ಏತಕ್ಕೆ ಇರಬಾರದು? ವೃದ್ಧರ ಆಸ್ತಿ ನೋಂದಣಿಯ ವೇಳೆ ಅವರೊಡನೆ ಒಂಟಿಯಾಗಿ ಮಾತಾಡಿ ತಿಳಿಯುವ ಕಟ್ಟುಪಾಡು ಏತಕ್ಕೆ ಇರಬಾರದು? 2014ರಲ್ಲಿ ಸಾವಿರ ರೂಪಾಯಿಗೆ ನಿಗದಿಯಾದ ಕನಿಷ್ಠ ಪಿಂಚಣಿಯಿಂದ ಯಾವ ಮುದುಕನ ಯಾವ ಔಷಧ ಬಂದೀತು?

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ಧನಿಕರ ಬಾಳಿಗೆ ಸ್ಮಾರಕಗಳಿವೆ, ಟ್ರಸ್ಟುಗಳಿವೆ, ಹಣ ಕೊಟ್ಟು ಬರೆಸಿದ ಜೀವನಚರಿತ್ರೆಗಳಿವೆ. ದುಡಿದವನ ಬಾಳಿಗೆ ಅವನ ನಾಲಗೆಯೂ ನಮ್ಮ ಕಿವಿಯೂ ಬಿಟ್ಟರೆ ಬೇರೆ ಗ್ರಂಥಾಲಯವಿಲ್ಲ. ಮೊದಲನೆಯದನ್ನು ಕಾಯಿಲೆ ಕೆಡಿಸುತ್ತಿದೆ; ಅದಕ್ಕೆ ನಮ್ಮಲ್ಲಿ ಮದ್ದಿಲ್ಲ. ಎರಡನೆಯದನ್ನು ಕೆಡಿಸಿಕೊಂಡವರು ನಾವೇ. ಅದನ್ನು ಸರಿಪಡಿಸಿಕೊಳ್ಳಲು ಯಾವ ಡಾಕ್ಟರನ ಚೀಟಿಯೂ ಬೇಡ. ಬರುವ ಭಾನುವಾರ ನಿಮ್ಮ ಬೀದಿಯ ಒಂದು ಜಗಲಿಯ ಮೇಲೆ ಹೋಗಿ ಕುಳಿತುಕೊಳ್ಳಿರಿ.